ದೊಡ್ಡಿ ಕಂಬದ ಮಡಕೆ

ಆಗ ನನಗೆ ಅರವತ್ತೆರಡು ವರ್ಷ. ಈಗ್ಗೆ ಆರು ವರ್ಷದ ಹಿಂದಿನ ಮಾತು. ಮೊಣಕಾಲು ಇನ್ನೂ ಹೇಳಿದ ಹಾಗೆ ಕೇಳುತ್ತಿತ್ತು. ಹಿಟ್ಟು, ಬೇಳೆ, ಪಾತ್ರೆ ಎಲ್ಲ ತಲೆಯ ಮೇಲೆ ಹೊತ್ತು ಗುಡ್ಡ ಹತ್ತಿ, ಸಂಜೆ ಒಲೆ ಹಚ್ಚಿ ಮುದ್ದೆ ತೊಳಸುತ್ತಿದ್ದೆ.

ಕೆಲಸ ಏನೆಂದರೆ, ಗುಡ್ಡದಲ್ಲಿ ನಡೆಯುವುದಕ್ಕೆಂದೇ ಬರುವವರ ಜೊತೆ ಹೋಗಿ ಅಡುಗೆ ಮಾಡುವುದು. ಡೆಂಕಣಿಕೋಟೆ ಕಡೆಯಿಂದ ಹೊರಟು ಕಾಡು, ಹಳ್ಳ, ದಿಣ್ಣೆ ದಾಟಿ ಕಾವೇರಿ ದಡಕ್ಕೆ ಇಳಿಯುವ ತನಕ ನಡಿಗೆ. ಅಲ್ಲಿಗೆ ಬಸ್ಸಿದೆ. ಬಸ್ಸು ಹೋಗುವ ಜಾಗಕ್ಕೆ ಯಾಕೆ ನಡೆದು ಹೋಗುತ್ತಾರೆ ಎಂದು ನಾನು ಯಾರನ್ನೂ ಕೇಳಿಲ್ಲ. ಕರೆದರೆ ಹೋಗುತ್ತಿದ್ದೆ.

ಆ ಸಲ ನಾವು ನಾಲ್ಕೇ ಜನ. ಹೊಸೂರಿನ ರಿಟೈರ್ಡ್ ಮೇಷ್ಟ್ರು, ಅವರ ಹೆಂಡತಿ ಟೀಚರಮ್ಮ, ದಾರಿ ತೋರಿಸುವ ದನಗಾಹಿ, ಮತ್ತೆ ನಾನು. ಮೇಷ್ಟ್ರು ಸರ್ಕಾರಿ ಶಾಲೆಯಲ್ಲಿ ತಮಿಳಿನಲ್ಲಿ ಪಾಠ ಮಾಡಿದವರು. ಮಾತು ಕನ್ನಡ, ಗಂಟಲು ಎತ್ತಿದರೆ ತಮಿಳು. ಕಾಡಿನೊಳಗೆ ಹೋಗುವುದಕ್ಕೆ ಪರ್ಮಿಷನ್ ಅವರೇ ಮಾಡಿಸಿದ್ದರು. ದನಗಾಹಿ ಗುಡ್ಡದ ಮೇಲಿನ ಒಂದು ಸಣ್ಣ ಊರಿನವನು. ನಲವತ್ತು ದಾಟಿದ ಆಳು. ಕಡ್ಡಿಯ ಹಾಗಿದ್ದ. ಏರು ಹತ್ತುವಾಗಲೂ ಮಾತು ನಿಲ್ಲಿಸುತ್ತಿರಲಿಲ್ಲ. ಹೊರಡುವಾಗಲೇ ನನ್ನ ಹೊರೆ ನೋಡಿ, "ಏನಕ್ಕ, ಪಾತ್ರೆಯೆಲ್ಲ ಒತ್ಕೊಂಡಿದ್ದೀಯಾ, ಮೇಲೆ ಮದ್ವೆ ಗಿದ್ವೆ ಐತಾ?" ಅಂದ.

"ಐತೆ ಕಣ್ಲಾ, ನಿಂದೇ. ಕರಡಿ ಒಪ್ಕೊಂಡೈತೆ" ಅಂದೆ.

ಮೇಷ್ಟ್ರು ನಕ್ಕು ನಕ್ಕು ಅಲ್ಲೇ ನಿಂತುಬಿಟ್ಟರು. ಹೊರಟ ದಿನ ಹಾಗೆ ನಗುತ್ತಾ ಹೋದೆವು.

ಎರಡನೇ ರಾತ್ರಿ ಉಳಿಯಬೇಕಾಗಿದ್ದದ್ದು ದನಗಾಹಿಯದೇ ದೊಡ್ಡಿಯಲ್ಲಿ. ದೊಡ್ಡಿ ಎಂದರೆ ಮಳೆ ಹಿಡಿದ ಮೇಲೆ ಊರಿನ ದನಗಳನ್ನು ಗುಡ್ಡಕ್ಕೆ ಹೊಡೆದುಕೊಂಡು ಹೋಗಿ ತಿಂಗಳುಗಟ್ಟಲೆ ಇಟ್ಟುಕೊಳ್ಳುವ ಜಾಗ. ಸುತ್ತ ಎದೆಮಟ್ಟದ ಕಲ್ಲುಗೋಡೆ, ಗೋಡೆಯ ಮೇಲೆ ಮುಳ್ಳು. ಒಂದು ಮೂಲೆಯಲ್ಲಿ ಹುಲ್ಲು ಹೊದಿಸಿದ ಗುಡಿಸಲು, ಅದರೊಳಗೆ ಮೂರು ಕಲ್ಲಿನ ಒಲೆ. ರಾಗಿ ಕೊಯ್ಲು ಮುಗಿದು ಅವನು ಕಾಯುವ ದನಗಳು ಕೂಳೆ ಮೇಯುವುದಕ್ಕೆ ಊರಿಗೆ ಇಳಿದಿದ್ದವು. ದೊಡ್ಡಿ ಖಾಲಿ ಇತ್ತು. ಅದಕ್ಕೇ ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋದ.

ದೊಡ್ಡಿಯ ಬಾಗಿಲ ಹತ್ತಿರ ಕವಲಾಗಿ ಒಡೆದ ಒಂದು ಮರದ ಕಂಬ ನೆಟ್ಟಿದ್ದರು. ಕವಲಿನಲ್ಲಿ ಒಂದು ಮಣ್ಣಿನ ಮಡಕೆ. ನಾವು ಹೋಗಿ ಮುಟ್ಟಿದಾಗ ಮಬ್ಬುಗತ್ತಲೆ. ದನಗಾಹಿ ಮೊದಲು ಮಾಡಿದ ಕೆಲಸ, ಬೋರಲಾಗಿದ್ದ ಆ ಮಡಕೆ ಎತ್ತಿ, ನೀರು ತುಂಬಿ, ನೆಟ್ಟಗೆ ಇಟ್ಟದ್ದು. ನಾನು ನೋಡಿದೆ. ಹೋಗಿ ಬರುವವರಿಗೆ ಕುಡಿಯುವ ನೀರು ಅಂದುಕೊಂಡೆ. ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಮುದ್ದೆ, ಹುರುಳಿ ಸಾರು ಮಾಡಿದೆ. ಉಂಡು ಮಲಗಿದೆವು.

ಬೆಳಿಗ್ಗೆ ಅವನು ಹಳ್ಳದ ಕಡೆ ಹೋದ. ನಾವು ಹತ್ತಿ ಬಂದ ದಾರಿಯಲ್ಲಿ ರಾತ್ರಿ ಬಿದಿರು ಮುರಿಯುವ ಸದ್ದು ಕೇಳಿತ್ತು. ಆನೆ ಎಲ್ಲಿವೆ, ಮುಂದಕ್ಕೆ ಯಾವ ದಾರಿ ಹಿಡಿಯುವುದು ಎಂದು ನೋಡಿಕೊಂಡು ಬರುತ್ತೇನೆ ಅಂದ. ನಾನು ಕಾಫಿಗೆ ನೀರು ಇಟ್ಟಿದ್ದೆ. ಟೀಚರಮ್ಮ ಸುಮ್ಮನೆ ಕೂರುವ ಹೆಂಗಸಲ್ಲ. ಗುಡಿಸಲು ಗುಡಿಸಿದರು, ಲೋಟ ತೊಳೆದರು. ಬಾಗಿಲ ಕಂಬದ ಮಡಕೆಯ ಒಳಗೆ ಪಾಚಿ ಇದೆ, ಹುಳ ತೇಲುತ್ತಿದೆ ಎಂದು ಅದನ್ನೂ ಇಳಿಸಿ, ಬೂದಿ ಹಾಕಿ ಉಜ್ಜಿ ತೊಳೆದು, ನೀರು ಸೋರಲಿ ಎಂದು ಕವಲಿನಲ್ಲಿ ಬೋರಲು ಹಾಕಿದರು. ಯಾವ ಮನೆಯ ಹೆಂಗಸಾದರೂ ಮಾಡುವ ಕೆಲಸ. ನಾನು ತೊಳೆದಿದ್ದರೂ ಹಾಗೇ ಹಾಕುತ್ತಿದ್ದೆ.

ಕಾಫಿ ಕುದಿಯುವ ಮೊದಲೇ ಕೂಗು ಕೇಳಿತು. ಇಳಿದು ಹೋದೆವು. ಹಳ್ಳದ ಬಂಡೆಯ ಮೇಲೆ ಪಾಚಿಗೆ ಕಾಲು ಜಾರಿ ಎರಡು ಬಂಡೆಯ ಸಂದಿಗೆ ಬಿದ್ದಿದ್ದ. ಬಲಗಾಲು ಸಂದಿಯಲ್ಲೇ ತಿರುಚಿಕೊಂಡಿತ್ತು. ಮೊಣಕಾಲಿನ ಕೆಳಗೆ ಮೂಳೆ ಮುರಿದು, ಚರ್ಮ ಹರಿದು ಹೊರಗೆ ಬಂದಿತ್ತು. ಬೆಳ್ಳಗೆ ಕಾಣುತ್ತಿತ್ತು. ಮೇಷ್ಟ್ರು ತಿರುಗಿ ನಿಂತರು.

"ಅಕ್ಕ, ಕಾಲ್ ಐತಾ?" ಅಂದ.

"ಐತೆ. ಡೊಂಕಾಗೈತೆ."

"ಸರಿ ಬಿಡು. ಇದ್ರೆ ಆಯ್ತು" ಅಂದ.

ಅವನಿಗೆ ಇದ್ದದ್ದು ಆ ಕಾಲೇ. ಹೊಲ ಇಲ್ಲ. ಊರಿನವರ ದನ ಕಾಯುತ್ತಾನೆ, ಕರೆದರೆ ದಾರಿ ತೋರಿಸುತ್ತಾನೆ. ಎರಡಕ್ಕೂ ನಡೆಯಬೇಕು.

ಕಂಬಳಿಯ ಮೇಲೆ ಮಲಗಿಸಿ, ಮೂರು ಜನ ಎಳೆದು, ಕೂತು, ಮತ್ತೆ ಎಳೆದು ಗುಡಿಸಲಿಗೆ ತಂದೆವು. ದೂರ ಏನಿಲ್ಲ, ಆದರೆ ಬಿಸಿಲು ಏರಿತ್ತು. ಗುಡಿಸಲಿನ ತಡಿಕೆಯಿಂದ ಬಿದಿರು ಕಿತ್ತು ಸೀಳಿದೆ. ಬಿಸಿ ಪಾತ್ರೆ ಹಿಡಿಯುವುದಕ್ಕೆಂದು ಇಟ್ಟುಕೊಂಡಿದ್ದ ಹಳೇ ಸೀರೆ ಹರಿದು, ಗಾಯದ ಮೇಲೊಂದು ಕೆಳಗೊಂದು ಕಟ್ಟು ಹಾಕಿ ದಬ್ಬೆ ಕಟ್ಟಿದೆ. ಸರಿಯಾಗಿ ಕಟ್ಟಿದೆನೋ ಇಲ್ಲವೋ ನನಗೆ ಗೊತ್ತಿಲ್ಲ. ಕುರಿಯ ಕಾಲಿಗೆ ಕಟ್ಟುವುದು ನೋಡಿದ್ದೆ, ಅಷ್ಟೇ. ಟೀಚರಮ್ಮನ ಔಷಧಿ ಡಬ್ಬಿಯಲ್ಲಿ ಜ್ವರದ ಮಾತ್ರೆ, ಮುಲಾಮು, ಬಿಳಿ ಬಟ್ಟೆ ಇತ್ತು. ಗಾಯವನ್ನು ಕಾಯಿಸಿ ಆರಿಸಿದ ನೀರಿನಲ್ಲಿ ತೊಳೆದು ಬಟ್ಟೆ ಮುಚ್ಚಿದರು. ಅವನು ಗುಡಿಸಲಿನ ಗಳ ಹಿಡಿದುಕೊಂಡಿದ್ದ, ಅದು ಅಲುಗಾಡುತ್ತಿತ್ತು.

ಮೇಷ್ಟ್ರು ಮೇಲಿನ ಬಂಡೆ ಹತ್ತಿ ಫೋನ್ ಎತ್ತಿ ಹಿಡಿದು ಸುತ್ತ ತಿರುಗಿದರು. ಒಂದು ಸಲ ಯಾರಿಗೋ ರಿಂಗ್ ಆಗಿ ಕಟ್ಟಾಯಿತು. ಆಮೇಲೆ ಅದೂ ಇಲ್ಲ. ಕಾವೇರಿ ದಡಕ್ಕೆ ನಾವು ಇಳಿಯಬೇಕಾದ ದಿನ ಇನ್ನೂ ಮುಂದೆ ಇತ್ತು. ಅಲ್ಲಿಯ ತನಕ ನಮ್ಮನ್ನು ಯಾರೂ ಹುಡುಕುವುದಿಲ್ಲ.

ನಾನು ಬಂದ ದಾರಿ ಹಿಡಿದು ಕೆಳಗೆ ಹೊರಟೆ. ಎರಡು ತಿರುವು ಇಳಿದೆ. ಬಿದಿರು ಮೆಳೆಯೊಳಗೆ ಹಿಂಡು ನಿಂತಿತ್ತು. ಮರಿ ಇತ್ತು. ದೊಡ್ಡದೊಂದು ಕಿವಿ ಅಗಲಿಸಿ ನನ್ನ ಕಡೆ ತಿರುಗಿತು. ಬೆನ್ನು ತಿರುಗಿಸದೆ ಹಿಂದಕ್ಕೆ ಹೆಜ್ಜೆ ಇಟ್ಟು, ತಿರುವು ದಾಟಿದ ಮೇಲೆ ಓಡಿ ಬಂದೆ. ಅದರಲ್ಲಿ ಹೇಳುವಂಥದ್ದು ಏನೂ ಇಲ್ಲ. ಹೆದರಿ ಬಂದೆ.

ಸುದ್ದಿ ಕೇಳಿ ದನಗಾಹಿ ತಲೆ ಆಡಿಸಿದ. "ಯಾರೂ ಓಗ್ಬ್ಯಾಡಿ. ಮರಿ ಇದ್ರೆ ಅವು ಬಿಡಾಕಿಲ್ಲ. ಎದುರು ದಿಣ್ಣೆ ಮ್ಯಾಲೆ ಪಕ್ಕದ್ ದೊಡ್ಡಿಯೋರು ದಿನಾ ದನ ಒಡ್ಕೊಂಡ್ ಓಯ್ತಾರೆ. ಮಡಕೆ ನೋಡುದ್ರೆ ಬಂದೇ ಬತ್ತಾರೆ. ಬರ್ದೆ ಓದೋರೇ ಇಲ್ಲ."

ಆಮೇಲೆ ಕೇಳಿದ. "ಮಡಕೆ ಕಂಬದ್ ಮ್ಯಾಲೈತಾ ಅಕ್ಕ?"

ಬಾಗಿಲಲ್ಲಿ ನಿಂತು ನೋಡಿದೆ. ಕಂಬದ ಮೇಲೆ ಮಡಕೆ ಇತ್ತು. "ಐತೆ" ಅಂದೆ.

"ಹಂಗಾದ್ರೆ ಸುಮ್ಕೆ ಕೂತ್ಕೊಳ್ಳಿ. ಬತ್ತಾರೆ."

ಅವನು ಮಲಗಿದ್ದ ಕಡೆಯಿಂದ ಕಂಬ ಕಾಣುತ್ತಿರಲಿಲ್ಲ. ಗೋಡೆ ಅಡ್ಡ ಇತ್ತು. ನಾವು ಸುಮ್ಮನೆ ಕೂತೆವು.

ಮಧ್ಯಾಹ್ನದ ಮೇಲೆ ಗಂಟೆ ಸದ್ದು ಬಂತು. ಹಳ್ಳದಾಚೆ ಎದುರು ದಿಣ್ಣೆಯ ಮೇಲೆ ದನಗಳು ಸಾಲಾಗಿ ಹೋಗುತ್ತಿದ್ದವು. ಹಿಂದೆ ಒಂದಿಬ್ಬರು. ಆಳು ಕಾಣುತ್ತದೆ, ಮುಖ ಕಾಣುವುದಿಲ್ಲ, ಅಷ್ಟು ದೂರ. ಅವರಲ್ಲಿ ಒಬ್ಬ ನಿಂತು ನಮ್ಮ ಕಡೆ ನೋಡಿದ ಹಾಗಾಯಿತು. ಮೇಷ್ಟ್ರು ಮುಳ್ಳು ಸರಿಸಿ ಗೋಡೆ ಹತ್ತಿ ಎರಡೂ ಕೈ ಬಾಯಿಗೆ ಹಿಡಿದು ಕೂಗಿದರು. ಶಾಲೆಯ ಮೈದಾನದ ಕೊನೆಗೆ ಕೇಳುವ ಗಂಟಲು ಅದು, ತಮಿಳಿನಲ್ಲೇ ಹೊರಟಿತು. ಬನ್ನಿ, ಇಲ್ಲಿ ಬನ್ನಿ, ನಿಲ್ಲಿ ಎಂದು ಕೂಗಿದರು. ಹಳ್ಳದ ನೀರಿನ ಸದ್ದಿನಲ್ಲಿ ಮಾತು ಎಷ್ಟು ಮುಟ್ಟಿತೋ. ಆ ಆಳು ಕೋಲು ಬೀಸಿದ. ದನಗಳು ಓಡಿದವು. ನಿಮಿಷದಲ್ಲಿ ದಿಣ್ಣೆ ಖಾಲಿ.

"ಕೇಳಿಸ್ಲಿಲ್ವೇನೋ" ಅಂದರು ಮೇಷ್ಟ್ರು.

"ನಾಳೆ ಬತ್ತಾರೆ" ಅಂದ ಒಳಗಿಂದ ಅವನು.

ಮಾರನೆಯ ದಿನ ಕಾಲು ಊದಿ ದಬ್ಬೆಯ ಕಟ್ಟು ಮಾಂಸದೊಳಗೆ ಹೂತಿತ್ತು. ಸಡಿಲ ಮಾಡಿದೆ. ವಾಸನೆ ಬರುವುದಕ್ಕೆ ಶುರುವಾಗಿತ್ತು. ನೊಣ ಓಡಿಸಲು ಟೀಚರಮ್ಮ ಪಕ್ಕದಲ್ಲೇ ಕೂತು ಟವಲ್ ಬೀಸುತ್ತಿದ್ದರು. ಗಂಜಿ ಕುಡಿಸಿದೆ. "ಉಪ್ಪು ಕಮ್ಮಿ ಆಗೈತೆ ಅಕ್ಕ" ಅಂದ. ಕರಡಿಗೆ ಹೇಳ್ತೀನಿ, ಅವಳು ಸರಿಯಾಗಿ ಹಾಕ್ತಾಳೆ ಅಂದೆ. ನಗಲು ನೋಡಿದ, ಆಗಲಿಲ್ಲ.

ಈ ಸಲ ಕೂಗಿದರೆ ಸಾಲದು ಎಂದು ನಾವು ಹೊಗೆ ಎಬ್ಬಿಸಿದೆವು. ಆ ಯೋಚನೆ ನನ್ನದು. ಅಂಗಳದಲ್ಲಿ ಒಣಗಿದ ಸಗಣಿ ರಾಶಿ ಮಾಡಿ ಬೆಂಕಿ ಕೊಟ್ಟು, ಮೇಲೆ ಹಸಿ ಸೊಪ್ಪು ಒಟ್ಟಿದೆ. ದಪ್ಪ ಹೊಗೆ ನೆಟ್ಟಗೆ ಎದ್ದಿತು. ಕುರುಡರಿಗೂ ಕಾಣಬೇಕು, ಅಂಥ ಹೊಗೆ. ಗಂಟೆ ಸದ್ದು ಬಂತು. ಹತ್ತಿರ ಬಂತು. ನಾವು ಮೂವರೂ ಗೋಡೆಯ ಬಳಿ ನಿಂತೆವು. ಸದ್ದು ದಿಣ್ಣೆಯ ಆಚೆಯೇ ನಿಂತಿತು. ಆಮೇಲೆ ಪಕ್ಕಕ್ಕೆ ಸರಿಯಿತು. ಆಮೇಲೆ ದೂರ ಆಯಿತು. ದಿಣ್ಣೆಯ ಮೇಲೆ ಒಂದು ದನವೂ ಕಾಣಿಸಿಕೊಳ್ಳಲಿಲ್ಲ. ನಾನು ಇನ್ನಷ್ಟು ಸೊಪ್ಪು ಹಾಕಿದೆ. ಸದ್ದು ಇನ್ನಷ್ಟು ದೂರ ಹೋಯಿತು.

ಒಳಗೆ ಹೋದರೆ ಅವನು ಸದ್ದು ಕೇಳುತ್ತಾ ಮಲಗಿದ್ದ. ಮೊದಲ ಸಲ ಅವನ ಮುಖದಲ್ಲಿ ಬೇರೆ ಏನೋ ಕಂಡಿತು. "ಯಾಕಂಗ್ ಮಾಡ್ತಾವ್ರೆ" ಅಂದ. "ನಾನೇನ್ ಮಾಡಿದ್ದೀನಿ ಅವ್ರಿಗೆ."

ಪಕ್ಕದ ದೊಡ್ಡಿಯವರ ಜೊತೆ ಏನಾದರೂ ಜಗಳ ಇದೆಯಾ ಎಂದು ಮೇಷ್ಟ್ರು ಮೆಲ್ಲಗೆ ಕೇಳಿದರು. ಇಲ್ಲ ಅಂದ. ಹೋದ ಮಳೆಯಲ್ಲಿ ಅವರ ಹಸು ಈಯಲಾರದೆ ಒದ್ದಾಡುವಾಗ ತಾನೇ ಹೋಗಿ ಕರು ಎಳೆದದ್ದು ಅಂದ. ಆಮೇಲೆ ಗೋಡೆ ಕಡೆ ತಿರುಗಿಕೊಂಡ.

ನಾವೇ ಹೊತ್ತುಕೊಂಡು ಹೋಗೋಣ ಅಂದರು ಮೇಷ್ಟ್ರು. ಆನೆ ಸರಿದಿದ್ದರೂ ಸರಿದಿರಬಹುದು. ಎರಡು ಗಳಕ್ಕೆ ಕಂಬಳಿ ಕಟ್ಟಿದೆವು. ಮುಂದೆ ಮೇಷ್ಟ್ರು, ಹಿಂದೆ ನಾವಿಬ್ಬರು ಹೆಂಗಸರು. ಮೂವರಿಗೂ ಅರವತ್ತರ ಮೇಲೆ. ಎತ್ತಿದೆವು. ಅಂಗಳ ದಾಟಿದೆವು. ಬಾಗಿಲ ಹತ್ತಿರ ಮೇಷ್ಟ್ರು ಎದೆ ಹಿಡಿದುಕೊಂಡು ಕೂತರು. ಗಳ ಜಾರಿ ಕಾಲು ನೆಲಕ್ಕೆ ತಗುಲಿತು. ಅವನಿಗೆ ಪ್ರಜ್ಞೆ ತಪ್ಪಿತು. ಆ ಕಂಬದ ಬುಡದಲ್ಲೇ ಇಳಿಸಿದ್ದೆವು. ಅವನ ತಲೆಯ ಮೇಲೆ ನೇರಕ್ಕೆ ಆ ಮಡಕೆ. ಅವನ ಕಣ್ಣು ಮುಚ್ಚಿತ್ತು. ಹಾಗೇ ವಾಪಸ್ ಎಳೆದುಕೊಂಡು ಒಳಗೆ ಮಲಗಿಸಿದೆವು. ಮೇಷ್ಟ್ರು ಮಾತ್ರೆ ನುಂಗಿ ಗೋಡೆಗೆ ಒರಗಿದರು.

ಇನ್ನೊಂದು ಬೆಳಗಾಯಿತು. ಅವನ ಕಾಲಿನ ಹೆಬ್ಬೆರಳು ಕಪ್ಪಾಗಿತ್ತು. ಮುಟ್ಟಿದರೆ ತಣ್ಣಗೆ. ಜೋರಾಗಿ ಹಿಸುಕಿದೆ.

"ಇಡ್ಕೊಂಡಿದ್ದೀಯಾ ಅಕ್ಕ?" ಅಂದ. "ಏನೂ ಗೊತ್ತಾಗಾಕಿಲ್ವಲ್ಲ."

ನಾನು ಕೈ ಬಿಟ್ಟು ಎದ್ದೆ. ಅವನು ಹೇಳಿದ ಹಾಗೆ ಕೂತಿದ್ದಾಯಿತು. ಇನ್ನು ಕೂತರೆ ಕೂತೇ ಇರಬೇಕಾಗುತ್ತದೆ. ಕೆಳಗಿನ ದಾರಿ ಬಿಟ್ಟು, ಗಂಟೆ ಸದ್ದು ಹೋದ ಕಡೆಯೇ ಹೋಗುತ್ತೇನೆ ಅಂದೆ. ದಾರಿ ಇಲ್ಲ, ನಿನಗೆ ಆಗುವುದಿಲ್ಲ ಅಂದ. ನಿಜವೇ. ಟೀಚರಮ್ಮ ತಾವೂ ಬರುತ್ತೇನೆಂದು ಚಪ್ಪಲಿ ಹಾಕಿಕೊಂಡರು. ಇಬ್ಬರು ಕಳೆದುಹೋದರೆ ಇಬ್ಬರನ್ನು ಹುಡುಕಬೇಕು, ನೀವು ನೊಣ ಓಡಿಸಿ ಅಂದೆ.

ಹಳ್ಳ ದಾಟಿ ಎದುರು ದಿಣ್ಣೆ ಹತ್ತಿದೆ. ಹತ್ತಿದೆ ಎನ್ನುವುದು ದೊಡ್ಡ ಮಾತು. ಬೇರು ಹಿಡಿದು, ಕೂತು, ಮಂಡಿಯೂರಿ ಹೋದೆ. ಸೀರೆ ಮುಳ್ಳಿಗೆ ಹೋಯಿತು. ಮೇಲೆ ಹೋಗಿ ನಿಂತರೆ ಗಂಟೆ ಸದ್ದು ಇನ್ನೊಂದು ಕಣಿವೆಯಲ್ಲಿ ಕೇಳುತ್ತಿತ್ತು. ಅಲ್ಲಿಗೆ ಇಳಿದರೆ ಅದು ಮತ್ತೆ ಮುಂದೆ. ನಾನು ಹತ್ತಿರ ಹೋದಷ್ಟೂ ಅವರು ದನ ಹೊಡೆದುಕೊಂಡು ಜರುಗುತ್ತಿದ್ದರು. ಯಾರೋ ನನ್ನನ್ನು ನೋಡುತ್ತಿದ್ದಾರೆ ಅನ್ನುವುದು ಗೊತ್ತಾಗುತ್ತಿತ್ತು, ಆದರೆ ಯಾರೂ ಕಾಣುತ್ತಿರಲಿಲ್ಲ. ಕೊನೆಗೆ ಮೊಣಕಾಲು ನಿಂತೇಬಿಟ್ಟಿತು. ಅಲ್ಲೇ ಒಂದು ಬಂಡೆಯ ಮೇಲೆ ಕೂತೆ. ಕೂಗಲು ಉಸಿರಿರಲಿಲ್ಲ. ಕೂತು ಬೈದೆ. ಹುಟ್ಟಿದ ಮೇಲೆ ಕಲಿತ ಬೈಗುಳವೆಲ್ಲ, ದನಕ್ಕೊಂದು ದನ ಕಾಯುವವರಿಗೊಂದು, ಬೈಯುತ್ತಾ ಕೂತೆ.

ಪೊದೆಯ ಹಿಂದಿನಿಂದ ಒಬ್ಬ ಹೆಂಗಸು ಎದ್ದಳು. ನನ್ನ ವಯಸ್ಸಿನವಳೇ. ಕೈಯಲ್ಲಿ ಮಚ್ಚು.

"ಯಾರವ್ವ ನೀನು? ಫಾರೆಸ್ಟಿನೋರ್ ಅಡುಗೆಯವ್ಳಾ?"

"ಅಡುಗೆಯವ್ಳೇ. ಫಾರೆಸ್ಟಿನೋರವ್ಳಲ್ಲ" ಅಂದೆ.

ದನಗಾಹಿ ಬಿದ್ದಿರುವುದನ್ನು ಹೇಳಿದೆ. ಅವಳು ನಂಬಲಿಲ್ಲ.

"ಅವ್ನ್ ದೊಡ್ಡೀಲಿ ಮಡಕೆ ಬೋರಲಾಗೈತಲ್ಲ."

"ಬೋರಲಾಗಿದ್ರೆ?"

"ಬೋರಲಾಗಿದ್ರೆ ಯಾರೂ ಇಲ್ಲ ಅಂತ. ನಮ್ಮೋರು ಯಾರಾನ ಇದ್ರೆ ಮಡಕೆ ನೆಟ್ಟಗಿರ್ತೈತೆ. ನಮ್ಮೋರು ಇಲ್ಲ, ಒಳಗೆ ಹೊಗೆ ಬತ್ತೈತೆ, ತಮಿಳಲ್ಲಿ ಗದರ್ಕೊಂಡ್ ಕೂಗ್ತಾರೆ ಅಂದ್ರೆ ಯಾರು ಅಂತ ತಿಳ್ಕೋಬೇಕು? ಫಾರೆಸ್ಟಿನೋರು ಬಂದು ಕೂತವ್ರೆ, ದನ ಇಡ್ಕೊಳಾಕೆ ಅಂತ ನಾವು ಮೂರ್ ದಿನದಿಂದ ಆ ಕಡೆ ತಲೇನೇ ಆಕ್ಲಿಲ್ಲ. ಹೊಗೆ ದಪ್ಪ ಆದಂಗೆಲ್ಲ ಇನ್ನೂ ಜನ ಬಂದ್ರು ಅಂತ ಇನ್ನೂ ದೂರ ಒಡ್ಕೊಂಡ್ ಓದ್ವಿ."

ಮಡಕೆ ತೊಳೆದು ಬೋರಲು ಹಾಕಿದ್ದು ನಮ್ಮ ಟೀಚರಮ್ಮ, ಕೂಗಿದ್ದು ನಮ್ಮ ಮೇಷ್ಟ್ರು ಅಂದೆ. ಹಸಿ ಸೊಪ್ಪು ಒಟ್ಟಿದ್ದು ನನ್ನ ಕೈ, ಅದು ಇನ್ನೂ ಹೊಗೆ ವಾಸನೆ ಹೊಡೆಯುತ್ತಿತ್ತು.

ಆಮೇಲೆ ಎಲ್ಲ ಬೇಗ ಆಯಿತು. ಅವಳು ನಾಲಿಗೆ ಮಡಿಸಿ ಒಂದು ಕೂಗು ಹಾಕಿದಳು, ನಾಲ್ಕು ಗಂಡಸರು ಬಂದರು. ಅವಳ ಮಗ, ಅಳಿಯ, ಮೈದುನನ ಮಕ್ಕಳು. ಒಂದೇ ಉದ್ದ ಬಿದಿರಿಗೆ ಕಂಬಳಿ ತೊಟ್ಟಿಲ ಹಾಗೆ ಕಟ್ಟಿಕೊಂಡು ಹೊರಟರು. ಅವರ ಹಿಂದೆ ಅವಳ ಕೈ ಹಿಡಿದುಕೊಂಡು ನಾನು ದೊಡ್ಡಿಗೆ ಹೋಗುವಷ್ಟರಲ್ಲಿ ಅವನನ್ನು ಕಂಬಳಿಯಲ್ಲಿ ಹಾಕಿ ಆಗಿತ್ತು. ಮಡಕೆಯ ವಿಷಯ ಅವರೇ ಹೇಳಿಬಿಟ್ಟಿದ್ದರು. ಅವನು ಟೀಚರಮ್ಮನ ಕಡೆ ಒಂದು ಸಲ ನೋಡಿದ. "ತೊಳೆದ್ರೆ ಬೋರಲೇ ಆಕ್ತಾರೆ" ಅಂದ. "ನಾನ್ ಏಳ್ಬೇಕಿತ್ತು."

ಆನೆ ಇಲ್ಲದ ಕಡೆಯ ದಾರಿ ಅವರಿಗೆ ಗೊತ್ತಿತ್ತು. ಇಬ್ಬರು ಹೊರುವುದು, ಇಬ್ಬರು ಪಕ್ಕದಲ್ಲಿ, ನಿಲ್ಲದೆ ಹೆಗಲು ಬದಲಾಯಿಸುತ್ತಾ ಓಡುನಡಿಗೆ. ಹೊರಡುವ ಮುಂಚೆ ಟೀಚರಮ್ಮ ನನ್ನ ಮೊಣಕೈ ಹಿಡಿದು ಪಕ್ಕಕ್ಕೆ ಕರೆದರು. "ನಾನು ಮಡಕೆ ತೊಳ್ದಿದ್ದಕ್ಕಾ ಅವ್ರು ಬರ್ಲಿಲ್ಲ?"

"ಹೌದು, ಅದಕ್ಕೇ" ಅಂದೆ.

ಅವರು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಸುಳ್ಳು ಹೇಳಬಹುದಿತ್ತು. ನನಗೆ ಬಾಯಿಗೆ ಬರಲಿಲ್ಲ. ಏಳಿ, ಅವರು ಕಾಯುವುದಿಲ್ಲ, ಮೇಷ್ಟ್ರಿಗೂ ಡಾಕ್ಟರು ಬೇಕು ಅಂದೆ. ಎದ್ದರು. ಮೇಷ್ಟ್ರ ಕೈ ಹಿಡಿದುಕೊಂಡು ಹಿಂದೆ ಹೋದರು. ನನ್ನ ಮೊಣಕಾಲು ಊದಿತ್ತು. ನಾನು ಹೋಗಲಿಲ್ಲ. ಮಚ್ಚಿನ ಹೆಂಗಸು ತನ್ನ ದೊಡ್ಡಿಗೆ ಕರೆದುಕೊಂಡು ಹೋಗಿ ಊಟ ಹಾಕಿದಳು. ಸಾರಿಗೆ ಉಪ್ಪು ಜಾಸ್ತಿ ಇತ್ತು. ತಿಂದೆ.

ಸಂಜೆ ರಸ್ತೆ ಮುಟ್ಟಿದರಂತೆ, ತರಕಾರಿ ಗಾಡಿ ಸಿಕ್ಕಿತಂತೆ. ಹೊಸೂರಿನಲ್ಲಿ ಆಗಲ್ಲ ಅಂದು ಕೃಷ್ಣಗಿರಿಗೆ ಕಳಿಸಿದರಂತೆ. ಅಲ್ಲಿ ಮೊಣಕಾಲಿನ ಕೆಳಗೆ ಕಾಲು ತೆಗೆದರು. ಒಂದು ದಿನ ಮುಂಚೆ ತಂದಿದ್ದರೆ ಎಂದು ಡಾಕ್ಟರು ಅಂದರಂತೆ. ಡಾಕ್ಟರುಗಳು ಎಲ್ಲರಿಗೂ ಹಾಗೇ ಅನ್ನುತ್ತಾರೋ ಏನೋ. ಈಗ ಅವನು ಊರ ಬಾಗಿಲಲ್ಲಿ ಕೂತು ಹಗ್ಗ ಹೊಸೆಯುತ್ತಾನೆ. ನಾನು ಹೋದಾಗ ಕರಡಿ ಸುದ್ದಿ ತೆಗೆಯುತ್ತಾನೆ. ನಾನು ಆಮೇಲೆ ಗುಡ್ಡದ ನಡಿಗೆಗೆ ಹೋಗಲಿಲ್ಲ. ಮೊಣಕಾಲಿನಿಂದಾಗಿ ಹೋಗಲಿಲ್ಲ, ಬೇರೆ ಏನಲ್ಲ.

ಇದೆಲ್ಲ ಆಮೇಲೆ ತಿಳಿದದ್ದು. ಅವನನ್ನು ಹೊತ್ತುಕೊಂಡು ಹೋದ ಮಾರನೆಯ ಬೆಳಿಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಪಾತ್ರೆ ಎಲ್ಲ ಅವನ ದೊಡ್ಡಿಯಲ್ಲೇ ಇತ್ತಲ್ಲ, ಒಬ್ಬಳೇ ಕೋಲು ಊರಿಕೊಂಡು ಹೋದೆ. ಒಲೆಯ ಬೂದಿ ತೆಗೆದೆ. ರಕ್ತ ಹತ್ತಿದ್ದ ಹುಲ್ಲು ಸುಟ್ಟೆ. ಕಿತ್ತ ತಡಿಕೆಗೆ ಬೇರೆ ಬಿದಿರು ಸಿಕ್ಕಿಸಿದೆ. ಪಾತ್ರೆ ಮೂಟೆ ಕಟ್ಟಿ ಬಾಗಿಲಿಗೆ ಬಂದೆ. ಕಂಬದ ಮೇಲೆ ಮಡಕೆ ನೆಟ್ಟಗಿತ್ತು. ನಿನ್ನೆಯ ಗಡಿಬಿಡಿಯಲ್ಲಿ ಯಾರೋ ತಿರುಗಿಸಿ ನೀರು ತುಂಬಿದ್ದರು. ಟೀಚರಮ್ಮನೇ ಇರಬೇಕು, ಕಂಬದ ಬುಡದಲ್ಲಿ ಅವರ ಚಪ್ಪಲಿ ಗುರುತು ಇತ್ತು. ಮಡಕೆ ಇಳಿಸಿದೆ. ಒಂದು ಗುಟುಕು ಕುಡಿದೆ. ಮಿಕ್ಕ ನೀರು ಚೆಲ್ಲಿ, ಮಡಕೆಯನ್ನು ಕವಲಿನಲ್ಲಿ ಬೋರಲು ಹಾಕಿದೆ. ಒಳಗೆ ಯಾರೂ ಇರಲಿಲ್ಲ.